‘ಬ್ರಾಟ್ ಡೆಡ್’ ಎಂದು ಬರೆದು ಮುಚ್ಚುವ ಪುಟ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಪ್ರತಿ: ಮಾನ್ಯ ಕುಲಪತಿಗಳು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಬೆಂಗಳೂರು.

ವಿಷಯ: ಹೃದಯ ಸ್ತಂಭನ ಹಾಗೂ ಉಸಿರಾಟ ವೈಫಲ್ಯದ ಪ್ರತಿಯೊಂದು ಪ್ರಕರಣವನ್ನೂ ದಾಖಲಿಸುವ ರಾಜ್ಯಮಟ್ಟದ ನೋಂದಣಿ ಆರಂಭಿಸುವ ಬಗ್ಗೆ.

ಮಾನ್ಯರೇ,

ನಾನು ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಶುಶ್ರೂಷಾ ಅಧಿಕಾರಿ. ಜನ ಈಗಲೂ ಸಿಸ್ಟರ್ ಅಂತಲೇ ಕರೆಯುತ್ತಾರೆ. ವೃತ್ತಿಗೆ ಬಂದು 22 ವರ್ಷ. ಮೊದಲ ಆರು ವರ್ಷ ಖಾಸಗಿ ಆಸ್ಪತ್ರೆಯ ಐಸಿಯುವಿನಲ್ಲಿದ್ದೆ, ಆಮೇಲಿನದೆಲ್ಲ ಸರ್ಕಾರಿ ಸೇವೆ. ಸಂಬಳ, ಬಡ್ತಿ, ವರ್ಗಾವಣೆ ಯಾವುದಕ್ಕೂ ಈ ಪತ್ರವಲ್ಲ. ನಮ್ಮ ಕ್ಯಾಜುವಾಲ್ಟಿಯ ಮೇಜಿನ ಮೇಲಿರುವ ಒಂದು ರಿಜಿಸ್ಟರಿನ ಬಗ್ಗೆ ಬರೆಯುತ್ತಿದ್ದೇನೆ.

ಕಳೆದ ವರ್ಷ ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ಆಟೋವೊಂದು ಪೋರ್ಟಿಕೋದೊಳಗೆ ನುಗ್ಗಿ ನಿಂತಿತು. ಹಿಂದಿನ ಸೀಟಿನಲ್ಲಿ ಐವತ್ತರ ಆಸುಪಾಸಿನ ಮನುಷ್ಯನನ್ನು ಇಬ್ಬರು ಹುಡುಗರು ಕೂರಿಸಿ ಹಿಡಿದುಕೊಂಡಿದ್ದರು. ಬಸ್ ನಿಲ್ದಾಣದಲ್ಲಿ ಟಿಕೆಟ್ಟಿಗೆ ಚಿಲ್ಲರೆ ಹುಡುಕುತ್ತಿದ್ದವರು ಹಾಗೇ ಕುಸಿದರಂತೆ. ಅಂಗೈಯಲ್ಲಿ ಒಂದು ಕಬ್ಬಿಣದ ಬೀಗದ ಕೈ ಇತ್ತು. ಫಿಟ್ಸ್ ಇರಬೇಕೆಂದು ಯಾರೋ ಕೊಟ್ಟಿದ್ದರು. ಅಂಗಿ ಪೂರ್ತಿ ಒದ್ದೆ, ಮುಖಕ್ಕೆ ಚಿಮುಕಿಸಿದ ನೀರು ಎದೆಯವರೆಗೂ ಇಳಿದಿತ್ತು.

“ಎಷ್ಟು ಹೊತ್ತಾಯ್ತಪ್ಪ ಬಿದ್ದು?” ಅಂತ ಕೇಳಿದೆ.

“ಈಗ ತಾನೆ ಸಿಸ್ಟರ್. ಒಂದರ್ಧ ಗಂಟೆ ಆಗಿರ್ಬೇಕು. ಬಿದ್ದ ಮೇಲೂ ಗೊರಕೆ ಹೊಡೀತಿದ್ರು, ಉಸಿರಾಡ್ತಾ ಇದ್ದಾರಲ್ಲ, ಏನೂ ಆಗಲ್ಲ ಅಂದ್ಕೊಂಡ್ವಿ.”

ಆ ಗೊರಕೆ ಉಸಿರಾಟವಲ್ಲ ಸ್ವಾಮಿ. ಹೃದಯ ನಿಂತ ಮೇಲೆ ಮಿದುಳಿನ ಬುಡದಿಂದ ಕೆಲ ನಿಮಿಷ ಹೊರಡುವ ಕೊನೆಯ ಎಳೆತ ಅದು. ಎದೆ ಒತ್ತಲು ಶುರು ಮಾಡಿ ಎಂದು ದೇಹ ಕೊಡುವ ಸೂಚನೆ. ಅದನ್ನೇ ಜನ ಬದುಕಿದ್ದಾನೆ ಎಂಬ ಸಮಾಧಾನವಾಗಿ ತೆಗೆದುಕೊಳ್ಳುತ್ತಾರೆ. ಆ ಹುಡುಗರು ಕೆಟ್ಟವರಲ್ಲ. ಪರಿಚಯವಿಲ್ಲದ ಮನುಷ್ಯನನ್ನು ಎತ್ತಿಕೊಂಡು ಬಂದವರು, ಆಟೋ ಬಾಡಿಗೆ ತಾವೇ ಕೊಟ್ಟವರು. ಎದೆಯ ಮಧ್ಯೆ ಎರಡು ಕೈ ಇಟ್ಟು ಒತ್ತಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ.

ಡ್ಯೂಟಿ ಡಾಕ್ಟರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು, ಇಸಿಜಿ ಹಚ್ಚಿದೆವು, ಗೆರೆ ಸಪಾಟಾಗಿತ್ತು. ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಬಂದ ಸಮಯ, ಆಮೇಲೆ ‘ಬ್ರಾಟ್ ಡೆಡ್’, ಅಂದರೆ ಕರೆತರುವಾಗಲೇ ಸತ್ತಿದ್ದರು, ಎಂಬ ಎರಡು ಪದ. ಪುಟ ಮುಚ್ಚಿತು. ಎಲ್ಲಿ ಬಿದ್ದರು, ಬಿದ್ದದ್ದನ್ನು ಯಾರಾದರೂ ಕಂಡರೇ, 108ಕ್ಕೆ ಫೋನ್ ಹೋಯಿತೇ, ಎಷ್ಟು ನಿಮಿಷ ಯಾರೂ ಎದೆ ಒತ್ತಲಿಲ್ಲ ಎಂಬುದಕ್ಕೆ ಆ ರಿಜಿಸ್ಟರಿನಲ್ಲಿ ಕಾಲಮ್ಮೇ ಇಲ್ಲ. ನಾನು ಕೇಳಿ ತಿಳಿದುಕೊಂಡದ್ದು ನನ್ನ ತಲೆಯಲ್ಲೇ ಉಳಿಯಿತು. ಇಂಥ ಎಷ್ಟು ಪುಟ ಮುಚ್ಚಿದ್ದೇನೋ ಲೆಕ್ಕವಿಲ್ಲ. ಲೆಕ್ಕವಿಲ್ಲ ಎಂಬುದೇ ನನ್ನ ದೂರು.

2021ರ ಅಕ್ಟೋಬರ್ 29ರಂದು ನಮ್ಮ ಅಪ್ಪು 46ನೇ ವಯಸ್ಸಿಗೇ ಹೋದಾಗ ನಾಡಿಗೆ ನಾಡೇ ಎದೆ ಮುಟ್ಟಿ ನೋಡಿಕೊಂಡಿತು. ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಸಾಲು ನಿಂತರು. ಅವರ ಹೆಸರಿನಲ್ಲೇ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ತಜ್ಞರು ದೂರದಿಂದಲೇ ನೋಡಿ, ರಕ್ತನಾಳದ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡಿಸುವ ವ್ಯವಸ್ಥೆ ಇದು. ಒಳ್ಳೆಯ ಯೋಜನೆ, ಅದರಿಂದ ಬದುಕಿ ನಡೆದುಕೊಂಡು ಮನೆಗೆ ಹೋದವರನ್ನು ನಾನೇ ಕಂಡಿದ್ದೇನೆ. ಆದರೆ ಅದು ಹೃದಯಾಘಾತವಾಗಿ, ಹೃದಯ ಇನ್ನೂ ಬಡಿಯುತ್ತಿರುವಾಗ ಆಸ್ಪತ್ರೆ ಮುಟ್ಟಿದವರಿಗೆ. ಬಡಿತವೇ ನಿಂತವರಿಗೆ, ಅಂದರೆ ಹೃದಯ ಸ್ತಂಭನವಾದವರಿಗೆ, ಇಸಿಜಿ ತೆಗೆಯುವ ಕೋಣೆಯೇ ತೀರ ದೂರ. ಎದೆ ಒತ್ತದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಕರಗುತ್ತದೆ. ಆ ಆಟೋದಲ್ಲಿ ಕಳೆದ ಅರ್ಧ ಗಂಟೆಗೆ ನೀವೇ ಲೆಕ್ಕ ಹಾಕಿ.

2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಊರೂರಿಗೆ ಹಬ್ಬಿದಾಗ ತಾವು ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿದಿರಿ. ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಅಸಹಜ ಏರಿಕೆ ಕಂಡಿಲ್ಲ ಎಂದಿತು. ಅವರ ಮಾತನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅಂಥ ದೊಡ್ಡ ತಜ್ಞರೂ ಕೆಲವು ಸಾವುಗಳನ್ನು ‘ಬಹುಶಃ ಹೃದಯದ್ದು’ ಎಂದೇ ಬಿಡಬೇಕಾಯಿತು. ಆ ಮನುಷ್ಯರ ಕೊನೆಯ ಗಳಿಗೆಯ ಬಗ್ಗೆ ಎಲ್ಲೂ ಒಂದು ಸಾಲು ಬರೆದಿಟ್ಟಿರದಿದ್ದರೆ ಯಾವ ತಜ್ಞರು ತಾನೆ ಏನು ಹೇಳಿಯಾರು? ಆಮೇಲೆ ಸರ್ಕಾರ, ಆಸ್ಪತ್ರೆಯ ಹೊರಗಾಗುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ನಡೆಯಬೇಕು ಎಂದು ಪ್ರಕಟಿಸಿತು. ಆ ದಿನ ನನಗೆ ತುಂಬ ಸಂತೋಷವಾಗಿತ್ತು. ಸಾವು ಎಣಿಕೆಗೆ ಬರುತ್ತದೆ ಸರಿ. ಸಾವಿನ ಹಿಂದಿನ ಹತ್ತು ನಿಮಿಷವೂ ಎಣಿಕೆಗೆ ಬರಲಿ ಎಂಬುದೇ ನನ್ನ ಮನವಿ.

ಎಣಿಸಿದರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಡೆನ್ಮಾರ್ಕಿನಲ್ಲಿ 2001ರಿಂದ ಪ್ರತಿಯೊಂದು ಹೃದಯ ಸ್ತಂಭನವನ್ನೂ ಬರೆದಿಡುತ್ತಾ ಬಂದರು. 2005ರಲ್ಲಿ ಶಾಲೆಗಳಲ್ಲಿ, ಮರುವರ್ಷ ಡ್ರೈವಿಂಗ್ ಲೈಸೆನ್ಸ್ ಪಡೆಯುವವರಿಗೆ ಎದೆ ಒತ್ತುವ ತರಬೇತಿ ಕಡ್ಡಾಯ ಮಾಡಿದರು. 2001ರಲ್ಲಿ ಅಕ್ಕಪಕ್ಕದವರು ಎದೆ ಒತ್ತಿದ ಪ್ರಕರಣ ನೂರಕ್ಕೆ 21 ಇದ್ದದ್ದು 2010ಕ್ಕೆ 45ರ ಹತ್ತಿರ ಬಂತು. ತಿಂಗಳ ನಂತರವೂ ಬದುಕಿದ್ದವರು ನೂರಕ್ಕೆ 3.5ರಿಂದ 10.8ಕ್ಕೆ ಏರಿದರು. ಇದು 2013ರಲ್ಲಿ ಪ್ರಕಟವಾದ ಅಧ್ಯಯನ. ಏರಿಕೆಗೆ ತರಬೇತಿಯೊಂದೇ ಕಾರಣ ಎಂದು ಆ ಸಂಶೋಧಕರೂ ಹೇಳಲಿಲ್ಲ. ಆದರೆ ಏರಿದೆ ಎಂಬುದಾದರೂ ಅವರಿಗೆ ಗೊತ್ತಾಯಿತು. ನಾವು ನಾಳೆ ಊರೂರಿಗೆ ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಕೂರಿಸಿದರೂ, ಶಾಲೆ ಶಾಲೆಯಲ್ಲಿ ಎದೆ ಒತ್ತುವ ಸಿಪಿಆರ್ ಕಲಿಸಿದರೂ, ಒಬ್ಬನಾದರೂ ಹೆಚ್ಚು ಬದುಕಿದನೇ ಎಂದು ಹೇಳಲು ಕೈಯಲ್ಲಿ ಏನೂ ಇರುವುದಿಲ್ಲ. ಯಂತ್ರ ಕೊಂಡ ಬಿಲ್ಲು ಮಾತ್ರ ಇರುತ್ತದೆ.

ನಮಗೂ ಎಣಿಸಲು ಬರುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಮುಂದೆ ನಿಂತು ದೇಶದ 89 ಆಸ್ಪತ್ರೆಗಳ 20,937 ಹೃದ್ರೋಗಿಗಳ ವಿವರ ಕೂಡಿಸಿ 2008ರಲ್ಲಿ ಪ್ರಕಟಿಸಿದರು. ಎದೆನೋವು ಶುರುವಾಗಿ ಆಸ್ಪತ್ರೆ ಮುಟ್ಟಲು ನಮ್ಮವರಿಗೆ ಹಿಡಿಯುವ ಸಮಯ ನಡುಮಟ್ಟದಲ್ಲಿ 360 ನಿಮಿಷ, ಅಂದರೆ ಆರು ಗಂಟೆ ಎಂಬುದು ಆ ಎಣಿಕೆಯಿಂದಲೇ ಗೊತ್ತಾದದ್ದು. ತಿಂಗಳೊಳಗೆ ಸಾಯುವವರಲ್ಲಿ ಬಡವರ ಪಾಲು ಹೆಚ್ಚು ಎಂಬುದೂ ಅದರಿಂದಲೇ ಗೊತ್ತಾಯಿತು. ಬಾಣಂತಿಯರ ವಿಷಯ ತೆಗೆದುಕೊಳ್ಳಿ. ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 2004–06ರಲ್ಲಿ 213 ಇದ್ದ ತಾಯಂದಿರ ಮರಣ 2018–20ಕ್ಕೆ 69ಕ್ಕೆ ಇಳಿಯಿತು. ಹೆರಿಗೆ ಆಸ್ಪತ್ರೆಗೆ ಬಂದದ್ದು, 108 ಬಂದದ್ದು, ಆಶಾ ಕಾರ್ಯಕರ್ತೆಯರ ಓಡಾಟ ಎಲ್ಲ ಸೇರಿ ಆದ ಕೆಲಸವದು. ಅದರ ಜೊತೆಗೇ ಒಬ್ಬೊಬ್ಬ ತಾಯಿ ಸತ್ತಾಗಲೂ ಯಾಕೆ, ಎಲ್ಲಿ, ಎಷ್ಟು ಹೊತ್ತು ತಡವಾಯಿತು ಎಂದು ಕೂತು ವಿಚಾರಿಸುವ ಪದ್ಧತಿಯೂ ಬಂತು. ಬಸ್ ನಿಲ್ದಾಣದಲ್ಲಿ ಕುಸಿದ ಮನುಷ್ಯನ ಬಗ್ಗೆ ಅದೇ ಮೂರು ಪ್ರಶ್ನೆ ಕೇಳುವವರು ಯಾರೂ ಇಲ್ಲ.

ಹೃದಯದ ಮಾತು ಇಷ್ಟು. ಉಸಿರಿನ ಮಾತನ್ನೂ ಹೇಳಬೇಕು, ಅದನ್ನು ಕೇಳುವವರು ಇನ್ನೂ ಕಡಿಮೆ.

ಒಂದು ರಾತ್ರಿ 108ರಲ್ಲಿ ಅರವತ್ತೈದು ದಾಟಿದ ಅಜ್ಜಿಯೊಬ್ಬರು ಬಂದರು. ಬೀಡಿ ಸಿಗರೇಟು ಮುಟ್ಟಿದವರಲ್ಲ. ನಲವತ್ತು ವರ್ಷ ಸೌದೆ ಒಲೆಯ ಮುಂದೆ ಊದುಗೊಳವೆ ಹಿಡಿದು ಕೂತವರು. ಗ್ಯಾಸ್ ಬಂದಿದ್ದರೂ ಬಚ್ಚಲ ಹಂಡೆಗೆ ಈಗಲೂ ಸೌದೆಯೇ. ಮನೆಯವರು ದಮ್ಮು ಅನ್ನುತ್ತಾರೆ, ನಮ್ಮ ಕೇಸ್ ಶೀಟಿನಲ್ಲಿ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿಯೇ ಉಳಿಯುವ ದೀರ್ಘಕಾಲದ ಕಾಯಿಲೆ. ಮೈಸೂರು ಸುತ್ತಲ ಹಳ್ಳಿಗಳಲ್ಲಿ ಜೆಎಸ್ಎಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಧೂಮಪಾನ ಮಾಡದ ಹೆಂಗಸರಲ್ಲೂ ಒಲೆಯ ಹೊಗೆಗೂ ಶ್ವಾಸನಾಳದ ಕಾಯಿಲೆಗೂ ಇರುವ ನಂಟನ್ನು ತೋರಿಸಿದ್ದಾರೆ. ದೇಶದಲ್ಲಿ 2016ರಲ್ಲಿ ಸುಮಾರು ಐದೂವರೆ ಕೋಟಿ ಜನಕ್ಕೆ ಈ ಕಾಯಿಲೆ ಇತ್ತೆಂದು ಅಂದಾಜು. ಅಜ್ಜಿ ಆ ಕೋಟಿಗಳಲ್ಲಿ ಒಬ್ಬರು.

ಮೂಗು ಬಾಯಿ ಮುಚ್ಚುವ ಚೀಲದ ಮಾಸ್ಕು, 15 ಲೀಟರ್ ಆಮ್ಲಜನಕ. ರಕ್ತದ ಆಮ್ಲಜನಕ ತೋರಿಸುವ ಬೆರಳಿನ ಯಂತ್ರದಲ್ಲಿ 100. ಮಗ ಖುಷಿಯಿಂದ, “ನೂರಕ್ಕೆ ನೂರಿದೆ ಸಿಸ್ಟರ್, ಈಗ ತಾನೆ ಕಣ್ಣು ಮುಚ್ಚಿ ಆರಾಮಾಗಿ ಮಲಗಿದ್ದಾರೆ” ಅಂದ. ಅವರು ಮಲಗಿರಲಿಲ್ಲ. ಎಷ್ಟು ಅಲುಗಿಸಿದರೂ ಏಳಲಿಲ್ಲ. ವರ್ಷಗಟ್ಟಲೆ ಕೆಟ್ಟ ಶ್ವಾಸಕೋಶ ಇರುವವರಲ್ಲಿ ದೇಹವೇ ಒಂದು ಉಪಾಯ ಮಾಡಿಕೊಂಡಿರುತ್ತದೆ, ಹಾಳಾದ ಭಾಗವನ್ನು ಬಿಟ್ಟು ಗಾಳಿಯಾಡುವ ಭಾಗಕ್ಕೇ ರಕ್ತ ಹರಿಸುತ್ತದೆ. ಅತಿಯಾಗಿ ಆಮ್ಲಜನಕ ಸುರಿದರೆ ಆ ಏರ್ಪಾಡು ಕೆಟ್ಟು ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಏರಿ ಮಂಪರು ಕವಿಯುತ್ತದೆ. ಅಂಥವರಿಗೆ 88ರಿಂದ 92 ಸಾಕು. ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಆಂಬುಲೆನ್ಸಿನೊಳಗೇ 405 ರೋಗಿಗಳ ಮೇಲೆ ಅಧ್ಯಯನ ನಡೆಸಿ 2010ರಲ್ಲಿ ಪ್ರಕಟಿಸಿದರು. ಸಿಒಪಿಡಿ ಖಚಿತವಾಗಿದ್ದವರಲ್ಲಿ, ಅಳೆದು ಕೊಟ್ಟ ಆಮ್ಲಜನಕದಿಂದ ಸಾವಿನ ಅಪಾಯ ನೂರಕ್ಕೆ 78ರಷ್ಟು ಇಳಿದಿತ್ತು. ಹೊಸ ಔಷಧಿಯಿಲ್ಲ, ಹೊಸ ಯಂತ್ರವಿಲ್ಲ, ಸಿಲಿಂಡರಿನ ಗುಬುಟನ್ನು ಹಿಂದಕ್ಕೆ ತಿರುಗಿಸಿದ್ದಷ್ಟೆ.

ಅಜ್ಜಿಗೆ ಮಾಸ್ಕಿನ ಮೂಲಕ ಉಸಿರಾಟಕ್ಕೆ ಒತ್ತಾಸೆ ಕೊಡುವ ಬೈಪ್ಯಾಪ್ ಯಂತ್ರ ಹಾಕಿದೆವು. ಮೂರನೆಯ ದಿನ ಕಣ್ಣು ಬಿಟ್ಟು ಕಾಫಿ ಕೇಳಿದರು. ಅವರು ಬದುಕಿದ್ದರಿಂದ ಆ ರಾತ್ರಿಯ ವಿಷಯ ಅಲ್ಲಿಗೇ ಮುಗಿಯಿತು. ಆಂಬುಲೆನ್ಸಿನ ಹಾಳೆಯಲ್ಲಿ ‘ಆಕ್ಸಿಜನ್ ಕೊಡಲಾಗಿದೆ’ ಎಂದಿತ್ತು. ಎಷ್ಟು ಲೀಟರ್, ಎಷ್ಟು ಹೊತ್ತು, ಎಷ್ಟಕ್ಕೆ ನಿಲ್ಲಿಸಬೇಕು, ಏನೂ ಇಲ್ಲ. ಆಂಬುಲೆನ್ಸಿನಲ್ಲಿದ್ದ ಆ ಹುಡುಗನನ್ನು ನಾನು ಬೈಯಲಿಲ್ಲ. ಮಳೆಯಲ್ಲಿ, ಮಣ್ಣು ರಸ್ತೆಯಲ್ಲಿ ಹೋಗಿ ಅಜ್ಜಿಯನ್ನು ಕರೆತಂದವನು ಅವನು. ಹದಿನೈದು ಅವನಿಗೆ ಹೇಳಿಕೊಟ್ಟಿದ್ದ ಸಂಖ್ಯೆ. 88 ಎಂಬ ಸಂಖ್ಯೆಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ನನ್ನ ಏಪ್ರನ್ನಿನ ಜೇಬಿನಲ್ಲಿ ಯಾವಾಗಲೂ ಒಂದು ಟೈಲರ್ ಟೇಪು ಇರುತ್ತದೆ. ಹೊಸದಾಗಿ ಬಂದ ಹುಡುಗಿಯರು ಯಾಕೆ ಸಿಸ್ಟರ್ ಅಂತ ಕೇಳುತ್ತಾರೆ. ಶ್ವಾಸಕೋಶದ ಅಳತೆ ಮನುಷ್ಯನ ಎತ್ತರಕ್ಕೆ ತಕ್ಕಂತೆ ಇರುತ್ತದೆ, ತೂಕಕ್ಕಲ್ಲ. 2000ದಲ್ಲಿ ಅಮೆರಿಕದ ಆಸ್ಪತ್ರೆಗಳು ಸೇರಿ 861 ರೋಗಿಗಳ ಮೇಲೆ ನಡೆಸಿದ ಅಧ್ಯಯನ ಬಂತು. ಶ್ವಾಸಕೋಶ ಊದಿ ನೀರು ತುಂಬಿದವರಿಗೆ ವೆಂಟಿಲೇಟರಿನಿಂದ ಒಂದು ಉಸಿರಿಗೆ, ಎತ್ತರದಿಂದ ಲೆಕ್ಕ ಹಾಕಿದ ತೂಕದ ಕೆ.ಜಿ.ಗೆ 12 ಮಿಲಿಲೀಟರ್ ಬದಲು 6 ಕೊಟ್ಟಾಗ ಸಾವು ನೂರಕ್ಕೆ 39.8ರಿಂದ 31ಕ್ಕೆ ಇಳಿಯಿತು. ಹಾಗಾಗಿ ಮೊದಲು ಉದ್ದ ಅಳೆಯಬೇಕು. 150 ಸೆಂಟಿಮೀಟರ್ ಎತ್ತರದ ಹೆಂಗಸಿಗೆ ಲೆಕ್ಕದ ತೂಕ 43 ಕೆ.ಜಿ. ಚಿಲ್ಲರೆ, ಅಂದರೆ ಒಂದು ಉಸಿರಿಗೆ ಸುಮಾರು 260. ಹಿಂದಿನ ರೋಗಿಗೆ ಇಟ್ಟ 450 ಹಾಗೇ ಓಡುತ್ತಿದ್ದ ಯಂತ್ರಕ್ಕೆ ಅಂಥ ಹೆಂಗಸನ್ನು ಜೋಡಿಸಿದ್ದನ್ನು ನಾನು ಒಂದು ಸಲವಲ್ಲ, ಹಲವು ಸಲ ಕಂಡಿದ್ದೇನೆ. ಕೋವಿಡ್ಡಿನಲ್ಲಿ ವೆಂಟಿಲೇಟರುಗಳು ಬಂದವು. ಜೊತೆಗೆ ಒಂದು ಟೇಪು ಬರಲಿಲ್ಲ. ಶ್ವಾಸಕೋಶ ತೀರ ಕೆಟ್ಟ ಅಂಥ ರೋಗಿಯನ್ನು ದಿನಕ್ಕೆ 16 ಗಂಟೆಯಷ್ಟು ಬೋರಲು ಮಲಗಿಸಿದರೆ ಸಾವು ಅರ್ಧಕ್ಕೆ ಇಳಿಯುತ್ತದೆಂದು 2013ರಲ್ಲೇ ಫ್ರಾನ್ಸಿನ ವೈದ್ಯರ ಅಧ್ಯಯನ ತೋರಿಸಿತ್ತು. ನಮ್ಮಲ್ಲಿ ಅದು ವಾಡಿಕೆಗೆ ಬಂದದ್ದು 2020ರಲ್ಲಿ, ಪಿಪಿಇ ಒಳಗೆ ಬೆವರುತ್ತಾ ಐದು ಜನ ಸೇರಿ ಒಬ್ಬೊಬ್ಬರನ್ನೇ ಹೊರಳಿಸಿದಾಗ.

ಸಂಶೋಧನೆ ಎಂದರೆ ಹೊಸದನ್ನು ಸೇರಿಸುವುದಷ್ಟೇ ಅಲ್ಲ, ಬೇಡದ್ದನ್ನು ಬಿಡಿಸುವುದೂ ಹೌದು. ಖಾಸಗಿ ಆಸ್ಪತ್ರೆಯಲ್ಲಿದ್ದಾಗ, ಹೃದಯ ನಿಂತು ಮತ್ತೆ ಬಡಿದವರ ಮೈಯನ್ನು ಐಸ್ ಗಡ್ಡೆ ಇಟ್ಟು ತಣ್ಣಗೆ ಮಾಡುತ್ತಿದ್ದೆವು. 2002ರ ಅಧ್ಯಯನಗಳು ಅದರಿಂದ ಮಿದುಳು ಉಳಿಯುತ್ತದೆ ಎಂದಿದ್ದವು. 2021ರಲ್ಲಿ 1,900 ರೋಗಿಗಳ ದೊಡ್ಡ ಅಧ್ಯಯನ, ಜ್ವರ ಬರದಂತೆ ನೋಡಿಕೊಂಡರೆ ಸಾಕು, 33 ಡಿಗ್ರಿಗೆ ಇಳಿಸಿದ್ದರಿಂದ ಹೆಚ್ಚು ಜನ ಬದುಕಲಿಲ್ಲ ಎಂದಿತು. ಅಷ್ಟು ಜನರ ಲೆಕ್ಕ ಯಾರೋ ಪ್ರಾಮಾಣಿಕವಾಗಿ ಬರೆದಿಟ್ಟಿದ್ದರಿಂದ ಇದು ತಿಳಿಯಿತು. ಅವರಲ್ಲಿ ನಮ್ಮ ಜಿಲ್ಲೆಗಳ ರೋಗಿಗಳಿಲ್ಲ. ನಮ್ಮವರು ಎಷ್ಟು ತಡವಾಗಿ, ಎಷ್ಟು ರಕ್ತಹೀನತೆಯೊಂದಿಗೆ, ಎಷ್ಟು ಹೊಗೆ ಕುಡಿದ ಶ್ವಾಸಕೋಶದೊಂದಿಗೆ ಬರುತ್ತಾರೆ ಎಂಬುದು ಯಾವ ದೇಶದ ಪತ್ರಿಕೆಯಲ್ಲೂ ಸಿಗುವುದಿಲ್ಲ. ಅದನ್ನು ನಾವೇ ಬರೆಯಬೇಕು.

ಇಲ್ಲಿ ಮಾನ್ಯ ಕುಲಪತಿಗಳಲ್ಲಿ ಒಂದು ಮಾತು. ತಮ್ಮ ವಿಶ್ವವಿದ್ಯಾಲಯದಲ್ಲಿ ಎಂ.ಡಿ. ಓದುವ ಪ್ರತಿಯೊಬ್ಬರೂ ಪ್ರಬಂಧ ಬರೆಯಲೇಬೇಕು. ಅರಿವಳಿಕೆ, ಜನರಲ್ ಮೆಡಿಸಿನ್, ಶ್ವಾಸಕೋಶ ವಿಭಾಗಗಳ ಎಷ್ಟೋ ವಿದ್ಯಾರ್ಥಿಗಳು ನಮ್ಮ ಐಸಿಯುವಿಗೆ ಬಂದು ಅಂಕಿ ಅಂಶ ಬರೆದುಕೊಂಡು ಹೋಗಿದ್ದಾರೆ. ಒಬ್ಬೊಬ್ಬರದು ಐವತ್ತು, ಅರವತ್ತು ರೋಗಿಗಳು, ಒಬ್ಬೊಬ್ಬರದೂ ಬೇರೆ ಬೇರೆ ನಮೂನೆ. ಪದವಿ ಬಂದ ಮೇಲೆ ರಟ್ಟು ಹಾಕಿಸಿದ ಆ ಪುಸ್ತಕ ಗ್ರಂಥಾಲಯದ ಕಪಾಟು ಸೇರುತ್ತದೆ. ಆ ಮಕ್ಕಳ ಶ್ರಮ ನೋಡಿ ನನಗೆ ಸಂಕಟವಾಗುತ್ತದೆ. ನಾರ್ವೆಯ ಊಟ್‌ಸ್ಟೈನ್ ಎಂಬ ಹಳೆಯ ಮಠದಲ್ಲಿ 1990ರಲ್ಲಿ ವೈದ್ಯರು ಸೇರಿ, ಹೃದಯ ಸ್ತಂಭನವನ್ನು ಜಗತ್ತಿನಲ್ಲೆಲ್ಲ ಒಂದೇ ರೀತಿ ದಾಖಲಿಸುವ ನಮೂನೆಗೆ ಬುನಾದಿ ಹಾಕಿದರು. ಈಗಲೂ ಅದರ ಪರಿಷ್ಕೃತ ರೂಪವೇ ಬಳಕೆಯಲ್ಲಿದೆ. ಆ ನಮೂನೆಯನ್ನು ಕನ್ನಡಕ್ಕೆ ತಂದು, ಈ ಮೂರು ವಿಭಾಗಗಳ ವಿದ್ಯಾರ್ಥಿಗಳೆಲ್ಲ ಅದನ್ನೇ ತುಂಬುವಂತೆ ಮಾಡಿ. ಪ್ರಬಂಧಕ್ಕೆ ತಮಗೆ ಬೇಕಾದ ಪ್ರಶ್ನೆಯನ್ನು ಅವರು ಆಮೇಲೆ ಆರಿಸಿಕೊಳ್ಳಲಿ. ಈಗ ಐವತ್ತೈವತ್ತಾಗಿ ಚದುರಿರುವುದು ರಾಜ್ಯದ್ದೇ ಒಂದು ದೊಡ್ಡ ಲೆಕ್ಕವಾಗುತ್ತದೆ, ಅದೂ ಹೊಸ ಹುದ್ದೆ ಸೃಷ್ಟಿಸದೆ.

“ನಮ್ಮಪ್ಪನ ಮೇಲೆ ಪ್ರಯೋಗ ಮಾಡ್ತೀರಾ?” ಎಂದು ಮನೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಪ್ರಜ್ಞೆಯಿಲ್ಲದ ಮನುಷ್ಯ ಒಪ್ಪಿಗೆ ಕೊಡಲಾರ, ಗಾಬರಿಯಲ್ಲಿರುವ ಮಗ ಕೊಟ್ಟ ಸಹಿಗೆ ಅರ್ಥವಿಲ್ಲ. ನಾನು ಕೇಳುತ್ತಿರುವುದು ಔಷಧಿಯ ಪ್ರಯೋಗವಲ್ಲ. ಏನಾಯಿತು, ಏನು ಮಾಡಿದೆವು, ಎಷ್ಟು ಹೊತ್ತಿಗೆ ಮಾಡಿದೆವು ಎಂಬ ಬರಹ ಮಾತ್ರ. ಹೆಸರು, ವಿಳಾಸ ತೆಗೆದು, ನೀತಿ ಸಮಿತಿಯ ಅನುಮತಿ ಪಡೆದೇ ಅದನ್ನು ಕೂಡಿಸಬೇಕು.

ಇನ್ನೊಂದು ಅಡ್ಡಿ ನಮ್ಮ ಕಡೆಯದೇ. ಸಮಯ ಬರೆಯಲು ನಾವು ಹೆದರುತ್ತೇವೆ. ‘9.40ಕ್ಕೆ ಬಂದರು, 9.47ಕ್ಕೆ ಮೊದಲ ಶಾಕ್’ ಎಂದು ನಿಜ ಬರೆದರೆ ಆ ಏಳು ನಿಮಿಷಕ್ಕೆ ಮೆಮೊ ಬರುತ್ತದೆ, ಇಲ್ಲವೇ ಮನೆಯವರು ಕಾಲರ್ ಹಿಡಿಯುತ್ತಾರೆ. ಹಾಗಾಗಿ ಎಲ್ಲವೂ ಕಾಗದದ ಮೇಲೆ ‘ತಕ್ಷಣ’ ನಡೆದಿರುತ್ತದೆ. ಶಾಕ್ ಕೊಡುವ ಡಿಫಿಬ್ರಿಲೇಟರಿನ ಬ್ಯಾಟರಿ ಸತ್ತಿತ್ತು ಎಂಬ ನಿಜ ‘ತಕ್ಷಣ’ದ ಕೆಳಗೆ ಹೂತುಹೋಗುತ್ತದೆ. ರಸ್ತೆಯಲ್ಲಿ ನೆರವಾದವರನ್ನು ಪೊಲೀಸು, ಕೋರ್ಟಿನ ಕಾಟದಿಂದ ಕಾಪಾಡಲು ನಮ್ಮ ರಾಜ್ಯ ಕಾನೂನು ಮಾಡಿ ದೇಶಕ್ಕೆ ದಾರಿ ತೋರಿಸಿತು. ನಿಜ ಬರೆದ ಸಿಬ್ಬಂದಿಗೂ ಅಂಥದೇ ಒಂದು ರಕ್ಷೆ ಬೇಕು. ನೋಂದಣಿಗೆ ಕೊಟ್ಟ ಮಾಹಿತಿಯನ್ನು ಶಿಸ್ತುಕ್ರಮಕ್ಕೆ ಬಳಸುವಂತಿಲ್ಲ ಎಂದು ಆದೇಶದಲ್ಲೇ ಬರೆಯಿರಿ. ಅದಿಲ್ಲದಿದ್ದರೆ ಎಷ್ಟು ಕಾಲಂ ಮಾಡಿದರೂ ಸುಳ್ಳೇ ತುಂಬುತ್ತದೆ.

ಮಾನ್ಯ ಸಚಿವರೇ, ನಾನು ಹೃದಯ, ಶ್ವಾಸಕೋಶದ ಕೆಲಸವನ್ನು ದೇಹದ ಹೊರಗೆ ಮಾಡುವ ಎಕ್ಮೋ ಯಂತ್ರ ಕೇಳುತ್ತಿಲ್ಲ. ಕ್ಯಾಜುವಾಲ್ಟಿಯ ರಿಜಿಸ್ಟರಿನಲ್ಲಿ ‘ಬ್ರಾಟ್ ಡೆಡ್’ ಎಂಬುದರ ಕೆಳಗೆ ಇನ್ನು ನಾಲ್ಕು ಸಾಲು ಕೇಳುತ್ತಿದ್ದೇನೆ: ಎಷ್ಟು ಹೊತ್ತಿಗೆ ಬಿದ್ದರು, ಯಾರು ಕಂಡರು, ಯಾರಾದರೂ ಎದೆ ಒತ್ತಿದರೇ, ಮೊದಲ ಇಸಿಜಿಯಲ್ಲಿ ಏನು ಕಂಡಿತು. 108ರ ಪ್ರತಿ ವಾಹನದಲ್ಲೂ ಆಮ್ಲಜನಕದ ಗುಬುಟಿನ ಪಕ್ಕ ‘ದಮ್ಮಿನ ರೋಗಿಗೆ 88–92’ ಎಂಬ ಚೀಟಿ, ಅಳೆದು ಕೊಡುವ ವೆಂಚುರಿ ಮಾಸ್ಕು, ಎಷ್ಟು ಲೀಟರ್ ಕೊಟ್ಟರೆಂದು ಬರೆಯಲು ಒಂದು ಕಾಲಂ. ವೆಂಟಿಲೇಟರ್ ಇರುವಲ್ಲೆಲ್ಲ ಒಂದು ಟೇಪು, ಎತ್ತರಕ್ಕೆ ತಕ್ಕ ಉಸಿರಿನ ಅಳತೆಯ ಪಟ್ಟಿ. ಫೋನ್ ಎತ್ತುವ 108ರ ಸಿಬ್ಬಂದಿ ‘ಗೊರಕೆ ಹೊಡೀತಿದ್ದಾರೆ’ ಎಂದು ಕೇಳಿದ ಕೂಡಲೇ ಎದೆ ಒತ್ತಲು ಹೇಳಿಕೊಡಬೇಕು. ಬಾಯಿಗೆ ಬಾಯಿಟ್ಟು ಊದುವ ಗೋಜಿಲ್ಲದೆ, ಎದೆ ಒತ್ತುತ್ತಲೇ ಇರುವ ಸರಳ ವಿಧಾನವನ್ನು ಭಾರತೀಯ ಅರಿವಳಿಕೆ ತಜ್ಞರ ಸಂಘ ನಮ್ಮ ಜನರಿಗೆಂದೇ 2017ರಲ್ಲಿ ರೂಪಿಸಿಕೊಟ್ಟಿದೆ. ಫೋನಿನಲ್ಲೇ ಕಲಿಸಬಹುದಾದಷ್ಟು ಸುಲಭ ಅದು. ವರ್ಷಕ್ಕೊಮ್ಮೆ ಜಿಲ್ಲಾವಾರು ಲೆಕ್ಕವನ್ನು ಕನ್ನಡದಲ್ಲಿ ಪ್ರಕಟಿಸಿ. ನಮ್ಮ ಜಿಲ್ಲೆ ಕೊನೆಯ ಸ್ಥಾನದಲ್ಲಿದ್ದರೂ ಸರಿ.

ಆದೇಶ ಬರುವವರೆಗೆ ಸುಮ್ಮನಿರಬಾರದೆಂದು ನಮ್ಮ ಪಾಳಿಯ ನಾಲ್ವರು ಸಿಸ್ಟರುಗಳು ಅಂಥ ಒಂದು ಹಾಳೆ ಮಾಡಿ, ಮೇಲಧಿಕಾರಿಗಳ ಒಪ್ಪಿಗೆ ಪಡೆದು, ಹೆಸರಿಲ್ಲದೆ ತುಂಬುತ್ತಿದ್ದೇವೆ. ಜೆರಾಕ್ಸ್ ನಮ್ಮದೇ ಖರ್ಚು. ಒಂದು ಫೈಲು ತುಂಬಿ ಎರಡನೆಯದು ಶುರುವಾಗಿದೆ. ಕಳೆದ ವಾರ ಬಂದ ಒಂದು ಹಾಳೆಯಲ್ಲಿ ‘ಯಾರಾದರೂ ಎದೆ ಒತ್ತಿದರೇ?’ ಎಂಬುದರ ಮುಂದೆ ಮೊದಲ ಸಲ ‘ಹೌದು, ಮಗಳು, ಪಿಯುಸಿ, ಎನ್‌ಸಿಸಿಯಲ್ಲಿ ಕಲಿತದ್ದು’ ಎಂದು ಬರೆದೆವು. ಅವಳ ತಂದೆ ಈಗ ನಮ್ಮ ಐಸಿಯುವಿನ ನಾಲ್ಕನೇ ಹಾಸಿಗೆಯಲ್ಲಿದ್ದಾರೆ. ನಿನ್ನೆ ಟ್ಯೂಬ್ ತೆಗೆದೆವು, ಅವಳ ಹೆಸರು ಹಿಡಿದು ಕರೆದರು.

ಎರಡೂ ಫೈಲುಗಳನ್ನು ತಾವು ಯಾವಾಗ ಕೇಳಿದರೂ ತಂದು ಒಪ್ಪಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಶುಶ್ರೂಷಾ ಅಧಿಕಾರಿ, ತೀವ್ರ ನಿಗಾ ಘಟಕ,
ಜಿಲ್ಲಾ ಆಸ್ಪತ್ರೆಯೊಂದರಿಂದ